ಪಾರ್ಕ್ ಮೂಲೆ ಡ್ರಮ್: ಈ ನೊಣಕ್ಕೆ ಇವತ್ತೇ ಒಂದು ದಾರಿ ಆಗ್ಬೇಕು

ಮನೆ 11 · ರಾತ್ರಿ 1:52
ಯಾರು ಎದ್ದಿದ್ದೀರೋ ಮಲಗಿದ್ದೀರೋ ಗೊತ್ತಿಲ್ಲ, ಬೆಳಗಾಗೋ ತನಕ ತಡ್ಕೊಳ್ಳೋಕೆ ನನ್ನಿಂದ ಆಗ್ತಿಲ್ಲ. ಮಾವನವರ ಮಂಚದ ಪಕ್ಕ ಬೀಸಣಿಗೆ ಹಿಡ್ಕೊಂಡು ಕೂತಿದ್ದೀನಿ. ಸ್ಟ್ರೋಕ್ ಆದಮೇಲೆ ಅವರಿಗೆ ಬಾಯಿ ಪೂರ್ತಿ ಮುಚ್ಚೋಕಾಗಲ್ಲ, ಬಲಗೈ ಏಳಲ್ಲ. ತುಟಿ ಮೂಲೇಲಿ ಮೂರು ನೊಣ. ಓಡಿಸಿದ್ರೆ ಕಣ್ಣ ರೆಪ್ಪೆ ಮೇಲೆ ಹೋಗಿ ಕೂರ್ತವೆ. ಈಗ ಸ್ವಲ್ಪ ಹೊತ್ತಿಗೆ ಮುಂಚೆ ಎಡಗೈಲಿ ಹೊಡ್ಕೊಳ್ಳೋಕೆ ಹೋಗಿ ತಮ್ಮ ಕೆನ್ನೆಗೆ ತಾವೇ ಬಾರಿಸ್ಕೊಂಡ್ರು. ಶಿಕ್ಷಕರಾಗಿ ಮೂವತ್ತು ವರ್ಷ ದುಡಿದ ಮನುಷ್ಯ. ಅದನ್ನ ನೋಡಿ ಈ ಮೆಸೇಜ್ ಹಾಕ್ತಿದ್ದೀನಿ.
ನಿಮ್ಮ ಗೊಬ್ಬರ ನಿಮಗೇ ಇರಲಿ. ಹಸಿ ಕಸ ಹಾಕಿ ಗೊಬ್ಬರ ಮಾಡೋಕೆ ಅಂತ ಪಾರ್ಕ್ ಮೂಲೇಲಿ ಇಟ್ಟಿರೋ ಆ ಎರಡು ಡ್ರಮ್ ನಾಳೆ ಸಂಜೆಯೊಳಗೆ ಅಲ್ಲಿಂದ ಏಳಬೇಕು. ಇಲ್ಲಾಂದ್ರೆ ನಾನೇ ಉರುಳಿಸಿ ರಸ್ತೆಗೆ ಸುರೀತೀನಿ.

ಮನೆ 11 · ರಾತ್ರಿ 1:58
ಅಡುಗೆಮನೇಲಿ ಹಾಲಿನ ಲೋಟದೊಳಗೂ ಬಿದ್ದಿವೆ. ಫೋಟೋ ಹಾಕಿದ್ದೀನಿ, ನೋಡಿ.

ಮನೆ 14 · ಬೆಳಿಗ್ಗೆ 5:41
(ಫಾರ್ವರ್ಡ್ ಆಗಿದೆ) ಶುಭೋದಯ. ನಗುವೇ ಆರೋಗ್ಯ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು ಕುಡಿಯಿರಿ, ಈ ಸಂದೇಶವನ್ನು ಹನ್ನೊಂದು ಜನರಿಗೆ ಕಳಿಸಿ.

ಮನೆ 5, ಅಡ್ಮಿನ್ · ಬೆಳಿಗ್ಗೆ 6:10
14, ಮೇಲಿನ ಮೆಸೇಜ್ ಓದಿ ಆಮೇಲೆ ಫಾರ್ವರ್ಡ್ ಹಾಕಿ ದಯವಿಟ್ಟು. 11, ಮಾವನವರು ಈಗ ಹೇಗಿದ್ದಾರೆ?

ಮನೆ 2 · ಬೆಳಿಗ್ಗೆ 6:14
ನಾನು ಮೊದಲ ಮೀಟಿಂಗ್‌ನಲ್ಲೇ ಎದ್ದು ನಿಂತು ಹೇಳಿದ್ದೆ. ಬರಹದಲ್ಲೂ ಕೊಟ್ಟಿದ್ದೆ. ಜನವಸತಿ ನಡುವೆ ಹಸಿ ಕಸ ಕೊಳೆಸೋದು ತಪ್ಪು ಅಂತ. ಆವಾಗ ಎಲ್ಲರೂ ಕುಂಬಾರಕೊಪ್ಪಲಿನ ಕಸದಿಂದ ಗೊಬ್ಬರ ಮಾಡೋ ಘಟಕ ನೋಡ್ಕೊಂಡು ಬಂದ ಉತ್ಸಾಹದಲ್ಲಿದ್ರಿ. ಅಲ್ಲಿ ಕೆಲಸಗಾರರಿದ್ದಾರೆ, ಶೆಡ್ ಇದೆ, ದಿನಾ ಕಸ ತಿರುವಿ ಹಾಕ್ತಾರೆ. ಇಲ್ಲಿ ಯಾರಿದ್ದಾರೆ? 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲನೇ ಸ್ಥಾನ ಪಡೆದ ಮೈಸೂರಿನಲ್ಲಿ ಒಬ್ಬ ವೃದ್ಧರ ಬಾಯಿಗೆ ನೊಣ ಮುತ್ತುತ್ತೆ ಅಂದ್ರೆ ನಾವೆಲ್ಲ ತಲೆ ತಗ್ಗಿಸ್ಬೇಕು. ಈ ವಿಷಯದಲ್ಲಿ ನಾನು 11ನೇ ಮನೆಯವರ ಜೊತೆ ಇದ್ದೀನಿ.

ಮನೆ 17 · ಬೆಳಿಗ್ಗೆ 6:31
11, ನಿಮ್ಮ ಮೆಸೇಜ್ ನೋಡಿ ನನಗೆ ನಿದ್ದೆ ಹಾರಿಹೋಯ್ತು. ಡ್ರಮ್ ನೋಡ್ಕೋತಿರೋದು ನಾನು, ಹಾಗಾಗಿ ಮೊದಲು ಕ್ಷಮೆ ಕೇಳ್ತೀನಿ. ಆದ್ರೆ ಎಂಟು ತಿಂಗಳು ಒಂದು ನೊಣ ಇರಲಿಲ್ಲ ಅನ್ನೋದೂ ನಿಜ. ನೀವೇ ಕರಿಬೇವಿನ ಗಿಡಕ್ಕೆ ಎರಡು ಮೂಟೆ ಗೊಬ್ಬರ ತಗೊಂಡು ಹೋಗಿದ್ರಿ. ಇದೆಲ್ಲ ಆಗಿದ್ದು ಈ ಎರಡು ವಾರದಲ್ಲಿ.
ಈಗ ಹೋಗಿ ಮುಚ್ಚಳ ತೆಗೆದು ನೋಡ್ಕೊಂಡು ಬಂದೆ. ಒಂದೇ ಸಲ ಹೊಗೆ ಎದ್ದ ಹಾಗೆ ಎದ್ದವು, ನನ್ನ ಮೂಗಿನೊಳಗೂ ಹೋದವು. ಮುಚ್ಚಳದ ಒಳಗಡೆ ಅಂಚಿನ ತುಂಬಾ ಕಂದು ಬಣ್ಣದ ಗೂಡುಗಳು, ಜೀರಿಗೆ ಅರ್ಧಕ್ಕೆ ಮುರಿದು ಅಂಟಿಸಿದ ಹಾಗೆ. ಬೆರಳಲ್ಲಿ ಕೆರೆದ್ರೆ ಟಿಕ್ ಅಂತ ಒಡೀತವೆ. ಎರಡನೇ ಡ್ರಮ್‌ನಲ್ಲಿ ಮೇಲುಗಡೆ ಹಲಸಿನ ಸಿಪ್ಪೆ ಪ್ಲಾಸ್ಟಿಕ್ ಕವರ್ ಸಮೇತ ಬಿದ್ದಿದೆ. ಕೆಳಗೆ ಅನ್ನ, ಪಾಯಸ, ಮಾವಿನ ಓಟೆ. ಒಣ ಎಲೆ ಒಂದು ಹಿಡಿಯೂ ಇಲ್ಲ.

ಮನೆ 2 · ಬೆಳಿಗ್ಗೆ 6:38
ಹಲಸು ಯಾರ ಮನೇದು ಅಂತ ಮೊದಲು ತೀರ್ಮಾನ ಆಗಲಿ. 19ರ ಮೇಲ್ಮನೆ ಹುಡುಗರು ರಾತ್ರಿ ಹನ್ನೊಂದಕ್ಕೆ ಕವರ್ ಬೀಸಾಡೋದನ್ನ ನನ್ನ ಕಣ್ಣಾರೆ ನೋಡಿದ್ದೀನಿ.

ಮನೆ 19, ಮೇಲೆ · ಬೆಳಿಗ್ಗೆ 7:20
ಸಾರ್ ನಾವು ನಾಲ್ಕೂ ಜನ ಮೆಸ್‌ನಲ್ಲಿ ಊಟ ಮಾಡೋದು. ನಮ್ಮ ಮನೇಲಿ ಹಸಿ ಕಸ ಅಂದ್ರೆ ಟೀ ಸೊಪ್ಪು ಮಾತ್ರ. ನಾವು ಬಿಸಾಡಿದ್ದು ಒಣ ಕಸದ ಕವರ್, ಅದೂ ಪಕ್ಕದ ಬುಟ್ಟಿಗೆ. ಏನೇ ಆದ್ರೂ ಬಾಡಿಗೆಯವರ ಮೇಲೆ ಹಾಕೋದು ಬೇಡ.

ಮನೆ 21 · ಬೆಳಿಗ್ಗೆ 7:26
ಅಕ್ಕಾರ, ಡ್ರಮ್ ಉರುಳಿಸಿದ್ರ ನೊಣ ಹೋಗೂದಿಲ್ರೀ, ಓಣಿ ತುಂಬ ಹರಡ್ತಾವ. ಮೊದ್ಲ ಅದನ್ನ ಮುಚ್ಚೂದು ನೋಡ್ರಿ. ಯಾರು ಒಗದ್ರು ಅನ್ನೂದು ಆಮೇಲೆ.

ಮನೆ 6 · ಬೆಳಿಗ್ಗೆ 7:31
ನೊಣಕ್ಕೂ ಗ್ರೂಪಿಗೆ ಸೇರಿಸಿ, ಅದರ ಕಡೆ ವಾದನೂ ಕೇಳೋಣ 😀

ಮನೆ 11 · ಬೆಳಿಗ್ಗೆ 7:33
6, ನಿಮ್ಮ ತಾಯಿ ಹಾಸಿಗೆ ಹಿಡಿದಾಗ ನಾನು ತಮಾಷೆ ಮಾಡಿರಲಿಲ್ಲ.

ಮನೆ 6 · ಬೆಳಿಗ್ಗೆ 7:40
ತಪ್ಪಾಯ್ತು ಅಕ್ಕ. ನಿಜವಾಗ್ಲೂ. ಸಂಜೆ ಬಂದು ಮಾವನವರನ್ನ ನೋಡ್ತೀನಿ. ಡ್ರಮ್ ಕೆಲಸಕ್ಕೆ ಆಳು ಬೇಕಾದ್ರೂ ನಾನಿದ್ದೀನಿ.

ಮನೆ 14 · ಬೆಳಿಗ್ಗೆ 7:44
(ಫಾರ್ವರ್ಡ್ ಆಗಿದೆ) ನೊಣ, ಸೊಳ್ಳೆ, ಜಿರಳೆ, ಹಲ್ಲಿ ನಾಲ್ಕಕ್ಕೂ ಒಂದೇ ಮದ್ದು! ನಿಂಬೆಹಣ್ಣು ಅರ್ಧ ಕತ್ತರಿಸಿ ಲವಂಗ ಚುಚ್ಚಿಡಿ. ಒಂದೇ ರಾತ್ರಿಯಲ್ಲಿ ಮಾಯ. ಎಲ್ಲರಿಗೂ ತಲುಪಿಸಿ.

ಮನೆ 9 · ಬೆಳಿಗ್ಗೆ 8:02
ನಾನು ಸಾಮಾನ್ಯವಾಗಿ ಇಲ್ಲಿ ಬರೆಯಲ್ಲ, ಇವತ್ತು ಬರೀಬೇಕು ಅನ್ನಿಸ್ತು. ಈ ನೊಣ ನನಗೆ ಚೆನ್ನಾಗಿ ಗೊತ್ತು. ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದುವಾಗ ಎರಡು ವರ್ಷ ಇದನ್ನೇ ಸಾಕಿದ್ದೀನಿ. ಅಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ಬೇರೆ ಬೇರೆ ಜಾತಿಯ ಹಣ್ಣುನೊಣಗಳನ್ನ ಬಾಟಲಿಗಳಲ್ಲಿ ಸಾಕಿ ಸಂಶೋಧನೆಗೆ ಕೊಡೋ ಜಾಗ. ನೊಣ ಸಾಕೋಕೆ ಏನು ಮಾಡ್ತಿದ್ವಿ ಗೊತ್ತಾ? ರವೆ, ಬೆಲ್ಲ, ಅಗರ್ ಹಾಕಿ ಗಂಜಿ ಹಾಗೆ ಕಾಯಿಸೋದು, ಬೂಷ್ಟು ಬರದ ಹಾಗೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ, ಮೇಲೆ ಈಸ್ಟ್ ಉದುರಿಸೋದು. ಅಷ್ಟೇ. ಒದ್ದೆ, ಸಿಹಿ, ಈಸ್ಟ್.
ಈಗ ನಮ್ಮ ಎರಡನೇ ಡ್ರಮ್ ನೋಡಿ. ಪಾಯಸ, ಅನ್ನ, ಹಲಸು, ಮಾವು, ನೀರು ಬಸಿಯೋಕೆ ದಾರಿ ಇಲ್ಲ. ಅಲ್ಲಿ ಯಾವ ಪಾಠ ಕಲಿತು ನೊಣ ಸಾಕ್ತಿದ್ವೋ ಅದನ್ನೇ ಇಲ್ಲಿ 18 ಮನೆಯವರು ಸೇರಿ ಮಾಡಿದ್ದೀವಿ.
ಇದು ಹಣ್ಣು ತಿನ್ನೋಕೆ ಬರೋ ನೊಣ ಅಂದ್ಕೊಂಡಿದ್ದೀವಿ. ಅದಕ್ಕೆ ಬೇಕಾಗಿರೋದು ಹಣ್ಣು ಹುಳಿಯುವಾಗ ಹುಟ್ಟೋ ಈಸ್ಟು. ಮರಿಹುಳಕ್ಕೂ ಅದೇ ಊಟ. ಆ ಹುಳಿ ವಾಸನೆ ಹಿಡ್ಕೊಂಡೇ ದೂರದಿಂದ ಬರುತ್ತೆ. ವಾಸನೆ ಆಚೆ ಬರದ ಹಾಗೆ ಮಾಡಿದ್ರೆ ಅರ್ಧ ಕೆಲಸ ಆಯ್ತು.

ಮನೆ 9 · ಬೆಳಿಗ್ಗೆ 8:11
ಮೊಟ್ಟೆಯಿಂದ ನೊಣ ಆಗೋಕೆ ಈ ಹವೆಯಲ್ಲಿ ಸುಮಾರು 10 ದಿನ. ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತೆ, ನಾಲ್ಕೈದು ದಿನ ಹುಳ, ಆಮೇಲೆ ಅಂಚಿಗೆ ಹತ್ತಿ ಒಣ ಜಾಗದಲ್ಲಿ ಗೂಡು ಕಟ್ಟುತ್ತೆ. 17ನೇ ಮನೆಯವರು ಮುಚ್ಚಳದಲ್ಲಿ ನೋಡಿದ್ದು ಆ ಗೂಡುಗಳನ್ನೇ. ಒಂದು ಹೆಣ್ಣು ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತೆ. ಹಾಗಾಗಿ ಇವತ್ತು ಹಾರ್ತಿರೋದನ್ನ ಕೊಂದ್ರೆ ನಾಡಿದ್ದು ಇನ್ನೊಂದು ಗುಂಪು ಬರುತ್ತೆ. ಏನೇ ಮಾಡಿದ್ರೂ ಎರಡು ವಾರ ಒಂದು ದಿನವೂ ಬಿಡದೆ ಮಾಡ್ಬೇಕು. ಎರಡು ದಿನ ಮಾಡಿ ಬಿಟ್ರೆ ಮಾಡದಿದ್ದಷ್ಟೇ.

ಮನೆ 17 · ಬೆಳಿಗ್ಗೆ 8:15
ಬೇಗ ಹೇಳಿ, ಈಗಲೇ ಶುರು ಮಾಡ್ತೀನಿ.

ಮನೆ 9 · ಬೆಳಿಗ್ಗೆ 8:29
ಮೊದಲು 11ನೇ ಮನೆಗೆ. ಮಾವನವರ ಮಂಚಕ್ಕೆ ಒತ್ತು ನೇಯ್ಗೆಯ ಪರದೆ ಬೇಕು. ಅಗಲ ಕಣ್ಣಿನ ಸೊಳ್ಳೆಪರದೆಯಲ್ಲಿ ಇವು ನುಸುಳಬಹುದು. ಹಳೇ ತೆಳು ವಾಯಿಲ್ ಸೀರೆ ಸಾಕು. ಕತ್ತಲಲ್ಲಿ ಇವು ಅಷ್ಟಾಗಿ ಹಾರಲ್ಲ, ದೊಡ್ಡ ಲೈಟ್ ಆರಿಸಿ ಸಣ್ಣದು ಇಡಿ. ಅಡುಗೆಮನೇಲಿ ಒಂದು ಲೋಟಕ್ಕೆ ಸೇಬಿನ ವಿನೆಗರ್ ಹಾಕಿ, ಇಲ್ಲದಿದ್ರೆ ಕಳಿತ ಬಾಳೆಹಣ್ಣು ಕಿವುಚಿ ನೀರು ಹಾಕಿ, ಪಾತ್ರೆ ತೊಳೆಯೋ ದ್ರವ ಒಂದು ಹನಿ ಬಿಡಿ. ಆ ಹನಿ ಇದ್ರೆ ಕೂತ ನೊಣ ಮುಳುಗುತ್ತೆ, ಇಲ್ಲದಿದ್ರೆ ಕುಡ್ಕೊಂಡು ಹಾರಿ ಹೋಗುತ್ತೆ. ಲೋಟ ಮಂಚದ ಹತ್ತಿರ ಮಾತ್ರ ಇಡಬೇಡಿ.
ಇನ್ನು ಡ್ರಮ್. ಹಲಸಿನ ಸಿಪ್ಪೆ ತೆಗೆದು ಸಣ್ಣಗೆ ಕೊಚ್ಚಿ ಹೂಳಬೇಕು. ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ಮರದ ಹೊಟ್ಟು. ದಿನದ ಕಸ ಮಧ್ಯದಲ್ಲಿ ಗುಣಿ ಮಾಡಿ ಹಾಕಿ ಮತ್ತೆ ಮುಚ್ಚಬೇಕು, ಕಸ ಕಣ್ಣಿಗೆ ಕಾಣಲೇಬಾರದು. ಮುಚ್ಚಳಕ್ಕೆ ಕೊರೆದ ಗಾಳಿತೂತುಗಳಿಗೆ ಬಟ್ಟೆ. ಬಾಟಲಿಗಳಿಗೆ ನಾವು ಹತ್ತಿ ಬಿರಡೆ ಹಾಕ್ತಿದ್ವಿ: ಗಾಳಿ ಹೋಗುತ್ತೆ, ನೊಣ ಹೋಗಲ್ಲ. ಇಲ್ಲೂ ಅದೇ. ಹಳೇ ಪಂಚೆ ಎರಡು ಮಡಿಕೆ ಮಾಡಿ ಡ್ರಮ್ ಬಾಯಿಗೆ ಬಿಗಿದು ಸೈಕಲ್ ಟ್ಯೂಬ್‌ನಿಂದ ಕಟ್ಟಿ, ಅದರ ಮೇಲೆ ಮುಚ್ಚಳ.
ಒಂದು ವಿಷಯ ಮನೇಲೇ ಆಗ್ಬೇಕು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಮೊಟ್ಟೆ ಅಂಗಡಿಯಿಂದಲೇ ಬಂದಿರಬಹುದು. ತೊಟ್ಟಿನ ಹತ್ತಿರ ನೋಡಿದ್ರೂ ಬರಿಗಣ್ಣಿಗೆ ಕಾಣೋದು ಕಷ್ಟ, ಅರ್ಧ ಮಿಲಿಮೀಟರ್ ಉದ್ದ ಅಷ್ಟೇ. ಸಿಪ್ಪೆಗಳನ್ನ ಡಬ್ಬಿಯಲ್ಲಿ ಹಾಕಿ ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ತಂದು ಹಾಕಿದ್ರೆ ಅವು ಸಾಯ್ತವೆ.

ಮನೆ 8 · ಬೆಳಿಗ್ಗೆ 8:36
ನಮ್ಮ ತೋಟದಲ್ಲಿ ಮಾವಿಗೆ ಕಟ್ಟೋ ಹಣ್ಣುನೊಣದ ಬಲೆ ಇದೆ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯವರು ಹೇಳಿಕೊಡೋದು. ನಾಲ್ಕು ತರಿಸ್ಲಾ?

ಮನೆ 9 · ಬೆಳಿಗ್ಗೆ 8:41
ಅದು ಬೇರೆ ನೊಣ ಸಾರ್. ಮಾವಿನಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡೋದು ಬ್ಯಾಕ್ಟ್ರೋಸೆರಾ, ಮನೆನೊಣದ ಗಾತ್ರ, ಹಣ್ಣು ಕೊಯ್ದಾಗ ಬಿಳಿ ಹುಳ ನೆಗೆಯುತ್ತಲ್ಲ ಅದರ ತಾಯಿ. ಬಲೆಯೊಳಗಿರೋ ಮೀಥೈಲ್ ಯೂಜಿನಾಲ್‌ಗೆ ಅದರ ಗಂಡುಗಳು ಬರ್ತವೆ. ನಮ್ಮ ಡ್ರಮ್ ನೊಣ ಅದರ ಕಡೆ ತಿರುಗಿಯೂ ನೋಡಲ್ಲ. ಇದು ಎರಡೂವರೆ ಮಿಲಿಮೀಟರ್, ಕೆಂಪು ಕಣ್ಣು. ತೋಟದಲ್ಲೇ ಇರಲಿ ಅವು, ಅಲ್ಲಿ ತುಂಬಾ ಉಪಯೋಗ.

ಮನೆ 17 · ಬೆಳಿಗ್ಗೆ 8:50
ಎಲ್ಲ ಅರ್ಥ ಆಯ್ತು. ಒಂದೇ ತೊಡಕು. ಒಣ ಎಲೆ ಇಲ್ಲ. ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರಿದಾಗ ನಾನು, 21ನೇ ಮನೆಯವರು ಸೇರಿ ಗುಡಿಸಿ ಒಂಬತ್ತು ಗೋಣಿಚೀಲ ತುಂಬಿ ಪಾರ್ಕ್ ಪಂಪ್‌ಹೌಸ್ ಹಿಂದೆ ಜೋಡಿಸಿಟ್ಟಿದ್ವಿ. ಮಳೆಗಾಲ ಪೂರ್ತಿ ಬರಬೇಕಿತ್ತು. ಮೂರು ವಾರದ ಹಿಂದೆ ಹೋಗಿ ನೋಡಿದ್ರೆ ಬೂದಿ. ಅವತ್ತೇ ಗ್ರೂಪಲ್ಲಿ ಕೇಳಿದ್ದೆ. ಯಾರೂ ಉತ್ತರ ಕೊಡಲಿಲ್ಲ. ಆ ಚೀಲಗಳಿದ್ದಿದ್ರೆ ಹಲಸು ಬಿದ್ದರೂ ಮುಚ್ಚಿಬಿಡ್ತಿದ್ದೆ.

ಮನೆ 21 · ಬೆಳಿಗ್ಗೆ 8:54
ಎರಡ ದಿನ ನಡಾ ಬಗ್ಗಿಸಿ ಗುಡಿಸಿದ್ದು ರೀ ಅದು. ಸುಟ್ಟವ್ರು ಯಾರಂತ ಇವತ್ತರ ಹೇಳ್ರಿ.

ಮನೆ 2 · ಬೆಳಿಗ್ಗೆ 9:05
ನಾನು ಸುಡಿಸಿದ್ದು. ಮುಚ್ಚಿಡೋ ಅಭ್ಯಾಸ ನನಗಿಲ್ಲ. ಆ ಚೀಲಗಳ ಸಂದಿನಿಂದ ಹಾವು ಹೊರಗೆ ಬಂದಿತ್ತು. ನಮ್ಮ ಮನೇಲಿ ಬಾಣಂತಿ, ಹಸುಗೂಸು ಇದೆ. ಪಂಪ್‌ಹೌಸ್ ಹತ್ತಿರ ಮಕ್ಕಳು ಚೆಂಡು ಹುಡುಕ್ಕೊಂಡು ಹೋಗ್ತಾರೆ. ಯಾರಿಗಾದ್ರೂ ಕಚ್ಚಿದ್ದಿದ್ರೆ ನೀವೇ ನನ್ನನ್ನ ಕೇಳ್ತಿದ್ರಿ, ಯಾಕೆ ಸುಮ್ಮನಿದ್ರಿ ಅಂತ.

ಮನೆ 17 · ಬೆಳಿಗ್ಗೆ 9:08
ಒಂದು ಮಾತು ಹೇಳಿದ್ದಿದ್ರೆ ಚೀಲ ಬೇರೆ ಕಡೆ ಇಡ್ತಿದ್ದೆ ಸಾರ್. ಬೀದೀಲಿ ಎಲೆ ಸುಡಬಾರದು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಅವತ್ತು ಆ ಹೊಗೆಗೆ 11ನೇ ಮನೆ ಮಾವನವರು ರಾತ್ರಿಯಿಡೀ ಕೆಮ್ಮಿದ್ದಾರೆ, ಕೇಳಿ ನೋಡಿ.

ಮನೆ 2 · ಬೆಳಿಗ್ಗೆ 9:11
(ಧ್ವನಿ ಸಂದೇಶ, 3 ನಿಮಿಷ 47 ಸೆಕೆಂಡ್)

ಮನೆ 2 · ಬೆಳಿಗ್ಗೆ 9:16
(ಧ್ವನಿ ಸಂದೇಶ, 2 ನಿಮಿಷ 12 ಸೆಕೆಂಡ್)

ಮನೆ 6 · ಬೆಳಿಗ್ಗೆ 10:20
17 ಅಕ್ಕನ ಜೊತೆ ನಾನೂ ಕೈ ಹಾಕಿ ಡ್ರಮ್ ಖಾಲಿ ಮಾಡ್ತಿದ್ದೀನಿ. ಫೋಟೋ ನೋಡಿ. ಹಲಸಿನ ಕೆಳಗೆ ಅಡಿಕೆ ಹಾಳೆ ತಟ್ಟೆ ಐವತ್ತರ ಮೇಲಿದೆ. ಊಟ ಮಾಡಿ ಮಡಚಿದ್ದು ಹಾಗೇ ಇದೆ. ಇದು ದಿನದ ಅಡುಗೆ ಕಸ ಅಲ್ಲ, ಯಾವುದೋ ಸಮಾರಂಭದ್ದು.

ಮನೆ 19, ಮೇಲೆ · ಬೆಳಿಗ್ಗೆ 10:24
ನಮ್ಮ ಹೆಸರು ಹೇಳಿದವರು ಈಗ ಏನು ಹೇಳ್ತಾರೆ?

ಮನೆ 3 · ಬೆಳಿಗ್ಗೆ 10:31
ಈ ಎರಡು ವಾರದಲ್ಲಿ ನಮ್ಮ ರಸ್ತೇಲಿ ಆಗಿರೋದು ಒಂದೇ ಸಮಾರಂಭ, ನಾಮಕರಣ. ಎಲ್ಲರೂ ಊಟ ಮಾಡಿ ಬಂದಿದ್ದೀವಿ.

ಮನೆ 3 · ಬೆಳಿಗ್ಗೆ 10:33
ಈ ಸಂದೇಶವನ್ನು ಅಳಿಸಲಾಗಿದೆ

ಮನೆ 2 · ಬೆಳಿಗ್ಗೆ 10:52
ಅಡುಗೆಯವರಿಗೆ ದುಡ್ಡು ಕೊಟ್ಟು ಕಸ ಸಾಗಿಸೋಕೆ ಸ್ಪಷ್ಟವಾಗಿ ಹೇಳಿದ್ದೆ. ಅವರು ಕತ್ತಲಲ್ಲಿ ಹೀಗೆ ಮಾಡಿ ಹೋಗಿದ್ರೆ ಅದು ನನಗೆ ಗೊತ್ತಿಲ್ಲ. ತಿಳಿದಿದ್ರೆ ನಾನೇ ಆಳು ಇಟ್ಟು ತೆಗೆಸ್ತಿದ್ದೆ. ಆದ್ರೆ ಒಂದು ಪ್ರಶ್ನೆ. ಆ ಮೂಲೇಲಿ ಅಷ್ಟು ಕತ್ತಲೆ ಯಾಕಿದೆ? ಹೊಂಗೆ ಕೊಂಬೆ ದೀಪಕ್ಕೆ ಅಡ್ಡ ಬಂದು ವರ್ಷ ಆಯ್ತು. ಬೆಳಕಿದ್ದಿದ್ರೆ ಯಾರು ಏನು ಹಾಕ್ತಾರೆ ಅಂತ ಕಾಣ್ತಿತ್ತು, ಹಾವು ಬಂದ್ರೂ ಕಾಣ್ತಿತ್ತು. ಕತ್ತಲಿಗೆ ಹೆದರಿ ಡ್ರಮ್ ಹತ್ತಿರ ಹೋಗದೆ ದೂರದಿಂದ ಬೀಸಾಡೋರು ಎಷ್ಟು ಜನ? ನಿಜ ಹೇಳಿ.

ಮನೆ 12 · ಬೆಳಿಗ್ಗೆ 10:58
ಅದು ಮಾತ್ರ ನಿಜ. ನಾನು ಎಂಟು ಗಂಟೆ ಮೇಲೆ ಆ ಕಡೆ ಹೋಗಲ್ಲ. ಕವರ್ ಮುಚ್ಚಳದ ಮೇಲೆ ಇಟ್ಟು ಓಡಿ ಬರ್ತೀನಿ.

ಮನೆ 4 · ಬೆಳಿಗ್ಗೆ 11:03
ನಾನೂ ಅಷ್ಟೇ. ಮೊನ್ನೆ ಅಲ್ಲೇ ನಾಯಿ ಅಟ್ಟಿಸ್ಕೊಂಡು ಬಂತು.

ಮನೆ 17 · ಬೆಳಿಗ್ಗೆ 11:40
ಮೊದಲನೇ ಡ್ರಮ್ ಸರಿ ಮಾಡಿದ್ವಿ. ಮುಚ್ಚಳ ಬಿಸಿನೀರಲ್ಲಿ ತೊಳೆದು ಗೂಡುಗಳನ್ನ ಕೆರೆದು ಬಿಸಿಲಿಗೆ ಹಾಕಿದೆ. ನಮ್ಮ ಯಜಮಾನರ ಪಂಚೆ ಕಟ್ಟಿದೆ. ಎರಡನೆಯದಕ್ಕೆ ಮುಚ್ಚಿಗೆ ಏನೂ ಇಲ್ಲ. ಬಡಗಿಯ ಹತ್ತಿರ ಹೊಟ್ಟು ಸಿಗುತ್ತೆ. ಪ್ಲೈವುಡ್ ಕೊಯ್ದ ಹೊಟ್ಟು ಬೇಡ, ಅಂಟು ಇರುತ್ತೆ, ಮರದ್ದೇ ಬೇಕು. ತೆಂಗಿನ ನಾರಿನ ಪುಡಿಯ 5 ಕೆಜಿ ಇಟ್ಟಿಗೆ ಒಂದು ತಂದು ಕಡಿಮೆ ನೀರಲ್ಲಿ ಉದುರಿಸಿಕೊಂಡ್ರೂ ಆಗುತ್ತೆ. ಯಾರಾದ್ರೂ ಗಾಡಿ ಇರೋರು ತರ್ತೀರಾ? ಇನ್ನೊಂದು, ದಿನಾ ಸಂಜೆ ಒಬ್ಬರು ಬಂದು ಮೇಲೆ ಹೊಟ್ಟು ಇದೆಯಾ, ಬಟ್ಟೆ ಬಿಗಿ ಇದೆಯಾ ಅಂತ ನೋಡ್ಬೇಕು. ಹತ್ತು ನಿಮಿಷದ ಕೆಲಸ. ಹದಿನಾಲ್ಕು ದಿನಕ್ಕೆ ಹದಿನಾಲ್ಕು ಮನೆ. ಮೊದಲ ವಾರದ ಪಟ್ಟಿ ಹಾಕ್ತೀನಿ, ನಿಮ್ಮ ನಂಬರ್ ಸೇರಿಸಿ ಕಳಿಸ್ತಾ ಹೋಗಿ.
ಸೋಮ 17
ಮಂಗಳ
ಬುಧ
ಗುರು
ಶುಕ್ರ
ಶನಿ
ಭಾನು

ಮನೆ 9 · ಬೆಳಿಗ್ಗೆ 11:44
ಮಂಗಳ 9

ಮನೆ 6 · ಬೆಳಿಗ್ಗೆ 11:45
ಬುಧ 6

ಮನೆ 2 · ಮಧ್ಯಾಹ್ನ 12:10
ಪಟ್ಟಿ ಆಮೇಲೆ ಆಗುತ್ತೆ. ಮೂಲ ಸಮಸ್ಯೆ ಬೆಳಕು. ನಾನು ಈಗಷ್ಟೇ ಅರ್ಜಿ ಬರೆದಿದ್ದೀನಿ, ಕೊಂಬೆ ತೆಗೆಸೋದಕ್ಕೂ ದೀಪಕ್ಕೂ ಒಟ್ಟಿಗೆ. ಎಲ್ಲ ಮನೆಯ ಸಹಿ ಬೇಕು. ಸಂಜೆ 6ಕ್ಕೆ ನಮ್ಮ ಮನೆ ಗೇಟ್ ಹತ್ತಿರ ಬನ್ನಿ. ಅಷ್ಟರ ತನಕ ಕಾಯೋದು ಬೇಡ ಅಂದ್ರೆ ಸೋಲಾರ್ ದೀಪ ಒಂದು ನಾವೇ ಹಾಕಿಸೋಣ, ಮನೆಗೆ 200 ರೂಪಾಯಿ. ನಾಮಕರಣದ ವಿಷಯದಲ್ಲಿ ತೊಂದರೆ ಆಗಿದ್ದಕ್ಕೆ ನನ್ನ ಕಡೆಯಿಂದ 1000.

ಮನೆ 12 · ಮಧ್ಯಾಹ್ನ 12:14
ಬಹಳ ಒಳ್ಳೇದು ಸಾರ್. ಆಷಾಢ ಶುಕ್ರವಾರ ಬೆಳಗಿನ ಜಾವ ಬೆಟ್ಟಕ್ಕೆ ಹೊರಡೋರಿಗೂ ಅನುಕೂಲ.

ಮನೆ 4 · ಮಧ್ಯಾಹ್ನ 12:15
200 ಕಳಿಸಿದೆ.

ಮನೆ 21 · ಮಧ್ಯಾಹ್ನ 12:22
ದೀಪ ಬೇಕ್ರೀ, ನಾನೂ ಕೊಡ್ತೀನಿ. ಆದ್ರ ಮರ ಕಡಿಸಬ್ಯಾಡ್ರಿ. ಅಡ್ಡ ಬಂದ ಒಂದ ಕೊಂಬಿ ಸಾಕು. ಮುಂದಿನ ವರ್ಷ ಎಲಿ ಎಲ್ಲಿಂದ ತರೂದು?

ಮನೆ 8 · ಮಧ್ಯಾಹ್ನ 12:30
ಕೊಂಬೆಯಲ್ಲ, ಮರವೇ ವಾಲಿದೆ. ಕಾಂಪೌಂಡ್ ಬಿರುಕು ಬಿಟ್ಟಿರೋದು ಅದರ ಬೇರಿನಿಂದ.

ಮನೆ 21 · ಮಧ್ಯಾಹ್ನ 12:33
ಕಾಂಪೌಂಡ್ ಬಿರುಕು ಬಿಟ್ಟಿದ್ದು ನಿಮ್ಮ ಬೋರ್ ಲಾರಿ ಹಿಂದ ತಗೋವಾಗ. ನಾ ಅಲ್ಲೇ ನಿಂತಿದ್ದೆ.

ಮನೆ 5, ಅಡ್ಮಿನ್ · ಮಧ್ಯಾಹ್ನ 1:05
ದಯವಿಟ್ಟು ಒಂದೊಂದೇ ವಿಷಯ ಮಾತಾಡೋಣ. ದೀಪಕ್ಕೆ ದುಡ್ಡು ಕೊಟ್ಟವರು: 2, 4, 12, 3, 5. ಡ್ರಮ್ ಪಟ್ಟಿ: 17, 9, 6.

ಮನೆ 14 · ಮಧ್ಯಾಹ್ನ 1:40
(ಫಾರ್ವರ್ಡ್ ಆಗಿದೆ) ಸೋಲಾರ್ ದೀಪ ಖರೀದಿಸುವ ಮುನ್ನ ಈ ವಿಡಿಯೋ ತಪ್ಪದೇ ನೋಡಿ.

ಮನೆ 11 · ಸಂಜೆ 5:50
ರಾತ್ರಿ ಕೋಪದಲ್ಲಿ ಬರೆದೆ. 17, ನಿಮ್ಮ ಮೇಲೆ ಬರೆದಿದ್ದಲ್ಲ, ಹಾಗೆ ಅನ್ನಿಸಿದ್ರೆ ಕ್ಷಮಿಸಿ. 9ನೇ ಮನೆಯವರು ಹೇಳಿದ ಹಾಗೆ ಅತ್ತೆಯವರ ಹಳೇ ವಾಯಿಲ್ ಸೀರೆಯನ್ನ ಮಂಚದ ನಾಲ್ಕೂ ಮೂಲೆಗೆ ಕಟ್ಟಿದೆ. ಅವರು ತೀರಿಕೊಂಡು ಆರು ವರ್ಷ. ಮಾವ ಎಡಗೈಲಿ ಸೆರಗಿನ ಅಂಚು ಮುಟ್ಟಿ ಮುಟ್ಟಿ ನೋಡ್ತಾ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದ್ರು. ಲೋಟದಲ್ಲಿ ಎಣಿಸೋಕಾಗದಷ್ಟು ನೊಣ ಬಿದ್ದಿವೆ.
ಡ್ರಮ್ ತೆಗೀಬೇಡಿ. ಗುರುವಾರ 11 ಅಂತ ಹಾಕಿ. ಮಾವನವರನ್ನ ನೋಡ್ಕೊಳ್ಳೋಕೆ ಅರ್ಧ ಗಂಟೆ ಯಾರಾದ್ರೂ ಬಂದ್ರೆ ನಾನು ಹೋಗ್ತೀನಿ.

ಮನೆ 6 · ಸಂಜೆ 5:53
ನಾನು ಬಂದು ಕೂರ್ತೀನಿ ಅಕ್ಕ.

ಮನೆ 2 · ಸಂಜೆ 6:20
ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ. ಉಳಿದವರು ಬೇಗ ಬನ್ನಿ. ಕಂಬ ಪಂಪ್‌ಹೌಸ್ ಕಡೆಗೋ, ಗೇಟ್ ಕಡೆಗೋ ಅನ್ನೋದು ಇವತ್ತೇ ತೀರ್ಮಾನ ಆಗಲಿ.

ಮನೆ 12 · ಸಂಜೆ 6:24
ಗೇಟ್ ಕಡೆಗೆ ಹಾಕಿ. ಪಂಪ್‌ಹೌಸ್ ಕಡೆ ಹಾಕಿದ್ರೆ ನಮ್ಮ ಮಲಗೋ ಕೋಣೆಗೆ ಬೆಳಕು ಹೊಡೆಯುತ್ತೆ.

ಮನೆ 8 · ಸಂಜೆ 6:25
ಗೇಟ್ ಹತ್ತಿರ ಈಗಾಗ್ಲೇ ಒಂದಿದೆಯಲ್ಲ?

ಮನೆ 17 · ಸಂಜೆ 6:41
ಶುಕ್ರ, ಶನಿ, ಭಾನುವಾರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಎರಡನೇ ಡ್ರಮ್‌ಗೆ ಹೊಟ್ಟು ಬಂದಿಲ್ಲ, ಸದ್ಯಕ್ಕೆ ಹಳೇ ಪೇಪರ್ ಹರಿದು ಮುಚ್ಚಿದ್ದೀನಿ.

ಮನೆ 3 · ಸಂಜೆ 6:43
ಕಂಬ ಎಷ್ಟು ಅಡಿದು ಸಾರ್?

ಮನೆ 2 · ಸಂಜೆ 6:44
ಹದಿನೈದು.